ಕಲಾಯಿಗಾರನ ಪಾಲು

ಹಳ್ಳದಕೊಪ್ಪದಲ್ಲಿ ಜಹೀರುದ್ದೀನನನ್ನು ಹೊಸದಾಗಿ ಕಂಡವರು ಮೊದಲು ಅವನ ಪಾದ ನೋಡುತ್ತಿದ್ದರು. ಅಂಗಾಲು ಒಣಗಿದ ತೊಗಲಿನ ಹಾಗೆ ಗಟ್ಟಿ. ಬೆರಳುಗಳು ಒಂದಕ್ಕೊಂದು ತಾಗದೆ ಅಗಲವಾಗಿ ಹರಡಿಕೊಂಡಿದ್ದವು. ನಲವತ್ತು ವರ್ಷ ಮಂದಿಯ ಮನೆಯ ತಾಮ್ರದ ಪಾತ್ರೆಗಳೊಳಗೆ ನಿಂತು ತಿರುಗಿದ ಪಾದಗಳು ಅವು.

ಕಲಾಯಿ ಹಾಕುವ ಮೊದಲು ಪಾತ್ರೆಯ ಒಳಮೈಯನ್ನು ಚೆನ್ನಾಗಿ ಉಜ್ಜಬೇಕು. ತಂಬಿಗೆ, ಬೋಗುಣಿಯಾದರೆ ಕೈ ಸಾಕು. ಹಂಡೆ, ಕೊಪ್ಪರಿಗೆಗಳಿಗೆ ಕೈ ಸಾಲದು. ಒಳಗೆ ಮರಳು ಸುರಿದು, ಅದರ ಮೇಲೆ ಹರಕು ಗೋಣಿಚೀಲ ಹಾಸಿ, ತಾನೇ ಇಳಿದು ನಿಂತು, ಗೋಡೆಯ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುವುತ್ತ ಪಾದದಿಂದ ಉಜ್ಜಬೇಕು. ಅವನು ಹಾಗೆ ತಿರುಗುವಾಗ ಓಣಿಯ ಹುಡುಗರೆಲ್ಲ ಕೂಡುತ್ತಿದ್ದರು.

"ಜಹೀರ ಕಾಕಾ ಕುಣಿಯಾಕ ಹತ್ಯಾನ, ಬರ್ರಲೇ!"

ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಇನ್ನೆರಡು ಸುತ್ತು ಜೋರಾಗಿಯೇ ತಿರುಗುತ್ತಿದ್ದ.

ಉಜ್ಜಿದ ಮೇಲೆ ನೆಲದ ಕುಣಿಯಲ್ಲಿ ಇದ್ದಿಲು ಹೊತ್ತಿಸುವುದು, ಹೆಂಡತಿ ರಹೀಮಾಬಿ ತಿದಿ ಒತ್ತುವುದು, ಪಾತ್ರೆ ಕಾಯುವುದು. ಹದಕ್ಕೆ ಕಾದಾಗ ನವಸಾಗರದ ಪುಡಿ ಎರಚಿದರೆ ಬಿಳಿಯ ಹೊಗೆ ಭುಗ್ಗೆಂದು ಏಳುತ್ತಿತ್ತು. ಆ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ತವರದ ಕಡ್ಡಿಯನ್ನು ಒಂದೆರಡು ಕಡೆ ಮುಟ್ಟಿಸಿ, ಅರಳೆಯ ಉಂಡೆಯಿಂದ ಸರ್ರನೆ ಒರೆಸುತ್ತಿದ್ದ. ಕೆಂಪು ತಾಮ್ರದ ಮೈಮೇಲೆ ಬೆಳ್ಳಿ ಹರಿದಂತೆ ಕಲಾಯಿ ಹರಡುತ್ತಿತ್ತು. ಎಷ್ಟು ಸಲ ನೋಡಿದರೂ ಆ ಗಳಿಗೆಗೆ ಅವನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಕಲಾಯಿ ಬರೀ ಚಂದಕ್ಕಲ್ಲ. ಬರಿಯ ತಾಮ್ರದಲ್ಲಿ ಹುಳಿ ಇಟ್ಟರೆ ಹಸಿರು ಕಿಲುಬು ಏಳುತ್ತದೆ. ತಿಂದವರಿಗೆ ವಾಂತಿ, ಹೊಟ್ಟೆನೋವು. ಆದ್ದರಿಂದ ವರ್ಷಕ್ಕೊಮ್ಮೆ ಕಲಾಯಿಗಾರ ಬಂದೇ ಬರಬೇಕು. ನವಲಗುಂದದ ಕಡೆಯಿಂದ ತಂದೆಯ ತಿದಿ ಹೊತ್ತುಕೊಂಡು ಬಂದ ಜಹೀರುದ್ದೀನ ಇಪ್ಪತ್ತನೆಯ ವಯಸ್ಸಿಗೆ ಈ ಊರಲ್ಲಿ ನೆಲೆಸಿದ. ಯಮನೂರಿನ ರಹೀಮಾಬಿಯನ್ನು ಮದುವೆಯಾದ. ಶಹನಾಜ ಎಂಬ ಒಬ್ಬಳೇ ಮಗಳನ್ನು ಅಣ್ಣಿಗೇರಿಗೆ ಕೊಟ್ಟ. ಹೊಲವಿಲ್ಲ, ದನವಿಲ್ಲ. ಸುತ್ತಲಿನ ಹನ್ನೆರಡು ಊರುಗಳ ಪಾತ್ರೆಗಳೇ ಅವನ ಹೊಲ.

ಎಲ್ಲ ಮನೆಯ ಅಡಿಗೆಮನೆಗೂ ಅವನು ಬೇಕಾಗಿದ್ದ. ಅವನ ಹೆಸರು ಮಾತ್ರ ದೊಡ್ಡವರಾರಿಗೂ ಬೇಕಾಗಿರಲಿಲ್ಲ. "ಏ ಕಲಾಯಿ, ನಮ್ಮ ಓಣಿಗೆ ಯಾವಾಗ ಬರತಿ?" ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಅವನೂ ಹಾಗೆಂದುಕೊಂಡಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಶಂಭುಲಿಂಗಪ್ಪ ಮಾಸ್ತರರು ಊರ ಧರ್ಮನಿಧಿ ಕಟ್ಟಿದರು. ಅವರು ಶಾಲೆಯಿಂದ ನಿವೃತ್ತರಾಗಿ ಬಂದ ವರ್ಷ ಅದು. ಒಂದು ಬಡವರ ಮದುವೆಗೆ ದೊಡ್ಡ ಮನೆಯೊಂದರಿಂದ ಪಾತ್ರೆ ತಂದಿದ್ದರು. ತಿರುಗಿ ಕೊಡುವಾಗ ಒಂದು ಹಂಡೆ ಜಜ್ಜಿಹೋಗಿತ್ತು. ಆ ಮನೆಯವರು ನಾಲ್ಕು ಮಂದಿಯ ಮುಂದೆ ಮದುಮಗಳ ತಂದೆಗೆ ಆಡಿದ ಮಾತು ಕೇಳಿ ಮಾಸ್ತರರು ಎರಡು ದಿನ ಮನೆಬಿಟ್ಟು ಹೊರಗೆ ಬರಲಿಲ್ಲವಂತೆ. ಮೂರನೆಯ ದಿನ ಚಾವಡಿಗೆ ಬಂದು, "ಊರಿಗೆ ಊರಿಂದೇ ಸಾಮಾನು ಇರಬೇಕು. ಯಾರ ಮನಿ ಬಾಗಲಿಗೂ ಯಾರೂ ಹೋಗಿ ನಿಂದರಬಾರದು" ಎಂದರು.

ಒಬ್ಬರು ಹಳೆಯ ಕೊಪ್ಪರಿಗೆ ಕೊಟ್ಟರು. ಇನ್ನೊಬ್ಬರು ಹಂಡೆ. ಜಮಖಾನೆ ನೇಯುವ ಬಾಷಾಬಿ ಎರಡು ದೊಡ್ಡ ಜಮಖಾನೆ ಕೊಟ್ಟಳು. ಎತ್ತು ಇದ್ದವರು ವರ್ಷಕ್ಕೆ ಎರಡು ದಿನ ಚಕ್ಕಡಿ ಹೂಡುತ್ತೇವೆ ಎಂದರು. ಉಳಿದವರು ಸುಗ್ಗಿಯಲ್ಲಿ ಜೋಳ ಕೊಡುವುದೆಂದಾಯಿತು. ಜೋಳ ಚಾವಡಿಯ ಹಿಂದೆ ನೆಲದೊಳಗೆ ತೋಡಿದ ಹಗೇವಿಗೆ ಹೋಗುತ್ತಿತ್ತು. ಕಷ್ಟದಲ್ಲಿದ್ದ ಮನೆಗೆ ಅಲ್ಲಿಂದ ಅಳೆದು ಕೊಡುತ್ತಿದ್ದರು. ಪಾತ್ರೆ, ಜಮಖಾನೆಗಳು ಚಾವಡಿಯ ಬಾಜುವಿನ ಖೋಲಿಯಲ್ಲಿರುತ್ತಿದ್ದವು. ಅದರ ಕೀಲಿ ವಿಧವೆ ಮಲ್ಲಕ್ಕನ ಸೊಂಟದಲ್ಲಿ.

ಎಲ್ಲರೂ ಏನಾದರೊಂದು ಹೇಳುತ್ತಿದ್ದಾಗ ಜಹೀರುದ್ದೀನ ಕಂಬದ ಹಿಂದೆ ನಿಂತಿದ್ದ. ಕೊಡಲು ತನ್ನಲ್ಲಿ ಏನಿದೆ ಎಂದು ಯೋಚಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಮಾಸ್ತರ್ರ, ಈ ಎಲ್ಲಾ ಪಾತ್ರಿಗೆ ನಾ ಕಲಾಯಿ ಹಾಕತೀನ್ರಿ. ದುಡ್ಡ ಬ್ಯಾಡ" ಎಂದ.

"ಎಷ್ಟ ವರ್ಷ?"

"ಜೀವ ಇರೂಮಟ."

ಯುಗಾದಿಯ ಮೂರನೆಯ ದಿನ ಕೊಟ್ಟವರ ಹೆಸರು ಓದುವುದು ಎಂದು ಮಾಸ್ತರರು ಗೊತ್ತುಮಾಡಿದ್ದರು. ಚಾವಡಿಯ ಮುಂದೆ ಬಾಷಾಬಿಯ ಜಮಖಾನೆ ಹಾಸುತ್ತಿದ್ದರು. ಹೆಸರು ಕೂಗಿದ ಹಾಗೆ ಒಬ್ಬೊಬ್ಬರೇ ಎದ್ದು ಬಂದು, ಕೊಟ್ಟದ್ದು ಏನೇ ಇರಲಿ, ಅದರ ಗುರುತಿಗೆ ಒಂದು ಬೊಗಸೆ ಜೋಳವನ್ನು ಆ ಜಮಖಾನೆಯ ಮೇಲೆ ಸುರಿಯಬೇಕು. ಹತ್ತು ಚೀಲ ಕೊಟ್ಟವನಿಗೂ ಒಂದೇ ಬೊಗಸೆ, ಒಂದು ದಿನ ದುಡಿದವನಿಗೂ ಒಂದೇ ಬೊಗಸೆ. ಕೆಳಗಿನ ಓಣಿಯವರ ಜೋಳ ಬೇರೆ ಹಾಸಿನ ಮೇಲೆ ಇರಲಿ ಎಂದು ಒಂದಿಬ್ಬರು ಹಿರಿಯರು ಗೊಣಗಿದ್ದರು. ಮಾಸ್ತರರು, "ಹಂಗಾದ್ರ ನನ್ನ ಹೆಸರ ಹೊಡದ ಹಾಕ್ರಿ" ಎಂದು ಕನ್ನಡಕ ತೆಗೆದಿಟ್ಟರು. ಗೊಣಗು ಅಲ್ಲಿಗೇ ನಿಂತಿತು.

ಮೊದಲ ವರ್ಷ ಆ ಓದಿನಲ್ಲಿ ಜಹೀರುದ್ದೀನ ಕೇಳಿದ್ದು ಹೀಗೆ: "ಜಹೀರುದ್ದೀನ ಕಲಾಯಿಗಾರ, ಇವರಿಂದ ನಿಧಿಯ ಎಲ್ಲ ಪಾತ್ರೆಗಳಿಗೆ ಕಲಾಯಿ."

'ಇವರಿಂದ' ಎಂದದ್ದು ಯಾರಿಗೆಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು. ಎದ್ದು ಹೋಗಿ ಜೋಳ ಸುರಿಯುವಾಗ ನಾಲ್ಕು ಕಾಳು ಆಚೆ ಬಿದ್ದವು. ಅವುಗಳನ್ನೂ ಆರಿಸಿ ರಾಶಿಗೆ ಹಾಕಿದ.

ಮನೆಗೆ ಬಂದು ಊಟಕ್ಕೆ ಕುಳಿತವನು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟ. ರಹೀಮಾಬಿ ಕೇಳಿದಳು: "ಯಾಕ, ರೊಟ್ಟಿ ಬಿರಸ ಆಗ್ಯಾವೇನು?"

"ಹೆಸರ ಕೂಗಿದ್ರು."

"ಕೂಗಿದ್ರ ಹೊಟ್ಟಿ ತುಂಬತೈತೇನು?"

"ತುಂಬೇತಿ ನೋಡು" ಎಂದು ಅವನು ಎದ್ದು ಕೈ ತೊಳೆದುಕೊಂಡ.

ಅಲ್ಲಿಂದ ಮುಂದೆ ಯುಗಾದಿಗೆ ಮೊದಲಿನ ಒಂದು ವಾರ ಅವನು ಬೇರೆ ಯಾರ ಕೆಲಸವನ್ನೂ ಹಿಡಿಯುತ್ತಿರಲಿಲ್ಲ. ನಿಧಿಗೆಂದು ಹುಬ್ಬಳ್ಳಿಗೆ ತಾನೇ ಬಸ್ಸಿನಲ್ಲಿ ಹೋಗಿ, ನಾಲ್ಕು ಅಂಗಡಿ ತಿರುಗಿ, ಒಳ್ಳೆಯ ತವರದ ಒಂದು ಕಡ್ಡಿ ತರುತ್ತಿದ್ದ. ಅದನ್ನು ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಿದ್ದ. ರಹೀಮಾಬಿ ಗೂಡು ಒರೆಸುವಾಗಲೂ ಅದನ್ನು ಮುಟ್ಟುವಂತಿರಲಿಲ್ಲ. ಊರಿನ ಯಾವ ಮದುವೆ ಇರಲಿ, ಊಟಕ್ಕೆ ಕೂಡುವ ಮೊದಲು ಅಡಿಗೆಯವರ ಕಡೆ ಹೋಗಿ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿ ಬರುತ್ತಿದ್ದ. "ಏನ ನೋಡತಿ ಕಾಕಾ, ಸಾರಿನಾಗ ಮಾರಿ ಕಾಣತೈತೇನು?" ಎಂದು ಹುಡುಗರು ಚೇಷ್ಟೆ ಮಾಡುತ್ತಿದ್ದರು. ಅವನಿಗೆ ಕಾಣುತ್ತಿದ್ದುದು ತನ್ನ ಕೆಲಸ. ಅದನ್ನು ಮುಟ್ಟಿಕೊಂಡು ಊರೆಲ್ಲ ಉಣ್ಣುತ್ತಿದೆ ಎಂಬ ಹಿಗ್ಗು ಅವನ ಮುಖದ ಮೇಲೆ ಅರ್ಧ ದಿನ ಇರುತ್ತಿತ್ತು.

ಹೀಗೆ ಏಳು ವರ್ಷ ಓದಿನಲ್ಲಿ ಅವನ ಹೆಸರು ಬಂತು.

ಅಷ್ಟರಲ್ಲಿ ಸ್ಟೀಲು ಬಂತು. ಊರ ಕಿರಾಣಿ ಅಂಗಡಿಯ ಈರಪ್ಪನೇ ಹುಬ್ಬಳ್ಳಿಯಿಂದ ಮೊದಲ ಸಲ ಸ್ಟೀಲಿನ ಪಾತ್ರೆ ತಂದು ಅಂಗಡಿಯ ಮುಂದೆ ತೂಗುಹಾಕಿದ್ದು. ಹಳೆಯ ತಾಮ್ರ ಕೊಟ್ಟು ಹೆಂಗಸರು ಸ್ಟೀಲು ಒಯ್ದರು. ಅದಕ್ಕೆ ಕಲಾಯಿ ಬೇಡ, ಕಿಲುಬಿನ ಅಂಜಿಕೆಯಿಲ್ಲ. ಯಾರು ಬೇಡವೆಂದಾರು? ಹನ್ನೆರಡು ಊರಿನ ಕೆಲಸ ಐದು ಊರಿಗೆ ಇಳಿಯಿತು. ಆ ಮೇಲೆ ಜಹೀರುದ್ದೀನನ ಬಲ ಮೊಣಕಾಲು ಹಿಡಿಯಿತು. ಎಪ್ಪತ್ತೆಂಟರ ಚಳಿಗಾಲ ಕಳೆಯುವ ಹೊತ್ತಿಗೆ ಪಾತ್ರೆಯೊಳಗೆ ಇಳಿದರೆ ಎರಡು ಸುತ್ತಿಗೇ ಕಣ್ಣಿಗೆ ಕತ್ತಲೆ ಬರುತ್ತಿತ್ತು. ದೊಡ್ಡ ಪಾತ್ರೆಯ ಕೆಲಸ ಅವನು ಬಿಟ್ಟೇಬಿಟ್ಟ. ತಂಬಿಗೆ, ತಾಟು ಎಷ್ಟು ಬಂದಾವು?

ಈರಪ್ಪ ಒಳ್ಳೆಯ ಮನುಷ್ಯ. ಮಾಸ್ತರರಿಗೆ ಕಣ್ಣು ಮಂಜಾದ ಮೇಲೆ ನಿಧಿಯ ಓಡಾಟವನ್ನೆಲ್ಲ ಅವನೇ ಹೊತ್ತಿದ್ದ. ಕಲಾಯಿಗಾರ ಕೋಲು ಊರಿಕೊಂಡು ಅಂಗಡಿಯ ಮುಂದೆ ಹಾಯ್ದು ಹೋಗುವಾಗ, ತೂಗಾಡುವ ಸ್ಟೀಲಿನ ಪಾತ್ರೆಗಳನ್ನು ನೋಡಿ ಅವನಿಗೇ ಕಸಿವಿಸಿಯಾಗುತ್ತಿತ್ತು. ಯುಗಾದಿ ಇನ್ನೂ ಹದಿನೈದು ದಿನ ಇರುವಾಗ ಅವನು ಮಾಸ್ತರರಿಗೆ ಹೇಳಿದ: "ಈ ವರ್ಷ ಜಹೀರ ಕಾಕಾಗ ಕಲಾಯಿ ಕೆಲಸ ಹೇಳೂದು ಬ್ಯಾಡ್ರಿ. ಅವನ ಮನಿಗೇ ತಿಂಗಳಿಗಿಷ್ಟ ಅಂತ ಜೋಳ ಕಳಸೂಣು."

ಮಾಸ್ತರರು ಹೂಂ ಎಂದರು.

ನಿಧಿಗೆ ಮಾಸ್ತರರು ಹಾಕಿಕೊಟ್ಟ ಇನ್ನೊಂದು ಕಟ್ಟಳೆ ಇತ್ತು. ನಿಧಿಯಿಂದ ತೆಗೆದುಕೊಂಡವರ ಹೆಸರು ಎಲ್ಲಿಯೂ ಬಾಯಿಗೆ ಬರಕೂಡದು. ಆ ವರ್ಷ ಅವರಿಂದ ಏನನ್ನೂ ಕೇಳಕೂಡದು. ಹೀಗಾಗಿ ತೆಗೆದುಕೊಂಡವರ ಹೆಸರು ಓದಿನಲ್ಲಿ ಬರುತ್ತಿರಲಿಲ್ಲ. ಯಾರಿಗೂ ನಾಚಿಕೆಯಾಗಬಾರದೆಂದು, ತುಂಬ ಯೋಚಿಸಿ ಮಾಡಿದ ಕಟ್ಟಳೆ ಅದು.

ಒಂದು ಮಧ್ಯಾಹ್ನ ಜಹೀರುದ್ದೀನ ಸಂತೆಯಿಂದ ಮನೆಗೆ ಬಂದಾಗ ಬಾಗಿಲ ಒಳಗೆ ಒಂದು ಚೀಲ ಜೋಳ ನಿಂತಿತ್ತು.

"ಯಾರದಿದು?"

"ನಮ್ಮದ. ಈರಪ್ಪ ಆಳಿನ ಕಡಿಂದ ಕಳಿಸ್ಯಾನ, ನಿಧಿದಂತ" ಎಂದಳು ರಹೀಮಾಬಿ. "ಈ ವರ್ಷ ಕಲಾಯಿ ಚಿಂತಿ ಮಾಡಬ್ಯಾಡ್ರಿ, ಆರಾಮ ಕುಂಡ್ರಿ ಅಂತ ಹೇಳಿ ಕಳಿಸ್ಯಾನ."

ಅವನು ಕೋಲನ್ನು ಗೋಡೆಗೆ ಆನಿಸಿದ. ಅದು ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

"ಹಂಗಂದ್ರ ನನ್ನ ಹೆಸರ ಓದೂದಿಲ್ಲ."

"ಓದದಿದ್ರ ಬಿಡ್ಲಿ. ಜೋಳ ಎಷ್ಟ ಚಲೋ ಐತಿ ನೋಡ್ರಿ, ಬಿಳಿ ಮುತ್ತಿನಂಗ."

"ನೀ ಯಾಕ ತಗೊಂಡಿ? ಇದನ್ನ ತಿರುಗಿ ಒಯ್ದ ಕೊಡು."

ರಹೀಮಾಬಿ ಒಲೆಯ ಮುಂದಿನಿಂದ ಎದ್ದು ಬಂದಳು. "ಶಹನಾಜನ ಅಬ್ಬಾ, ಒಂದ ಮಾತ ಕೇಳತೀನಿ, ಸಿಟ್ಟ ಆಗಬ್ಯಾಡ್ರಿ. ಎಂಟ ದಿನದಿಂದ ಮಂದಿ ಮನ್ಯಾಗ ಹಿಟ್ಟ ಕಡಾ ತಂದ ರೊಟ್ಟಿ ಬಡದೀನಿ. ನಿಮಗ ಹೇಳಿಲ್ಲ. ನಿಮಗ ಕೊಡಾಕ ಬರತೈತಿ, ತಗೊಳ್ಳಾಕ ಬರೂದಿಲ್ಲ. ಅದೂ ಒಂದ ನಮೂನಿ ಸೊಕ್ಕ ಐತಿ."

"ಸೊಕ್ಕ ಅಲ್ಲ."

"ಮತ್ತೇನದು?"

ಅವನು ಗೂಡಿನ ಕಡೆ ನೋಡಿದ. ಅರಿವೆಯಲ್ಲಿ ಸುತ್ತಿದ ತವರದ ಕಡ್ಡಿ ಅಲ್ಲಿಯೇ ಇತ್ತು. ಕಾಲು ಬಾರದಿದ್ದರೂ ದೀಪಾವಳಿಯ ಹೊತ್ತಿಗೇ ಹುಬ್ಬಳ್ಳಿಗೆ ಹೋಗಿ ಅದನ್ನು ತಂದಿಟ್ಟಿದ್ದ.

ಚೀಲ ತಿರುಗಿ ಹೋಗಲಿಲ್ಲ. ಆ ಜೋಳದ ರೊಟ್ಟಿಯನ್ನು ಅವನು ತಿಂದ. ಹಸಿವೆ ಇತ್ತು, ರೊಟ್ಟಿ ರುಚಿಯಾಗಿಯೂ ಇತ್ತು. ಅದೇ ಅವನನ್ನು ಇನ್ನಷ್ಟು ನೋಯಿಸಿತು. ಆ ದಿನಗಳಲ್ಲಿ ಅವನಿಗೆ ಕೆಳಗಿನ ಓಣಿಯ ರೇಣುಕವ್ವ ಮೇಲಿಂದ ಮೇಲೆ ನೆನಪಾದಳು. ಎರಡು ವರ್ಷದ ಹಿಂದೆ ಅವಳ ಗಂಡ ಅಂದಾನೆಪ್ಪ ಹಾಸಿಗೆ ಹಿಡಿದಾಗ ನಿಧಿಯಿಂದ ನಾಲ್ಕು ತಿಂಗಳು ಜೋಳ ಹೋಗಿತ್ತು. ಯಾರೂ ಹೇಳಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ಅಂದಿನಿಂದ ರೇಣುಕವ್ವ ಓದಿನ ದಿನ ಬರುವುದನ್ನೇ ಬಿಟ್ಟಿದ್ದಳು. ಬಂದರೂ ದೂರದ ಬೇವಿನ ಮರದ ಬುಡದಲ್ಲಿ ನಿಂತು, ಅರ್ಧಕ್ಕೇ ಹೋಗಿಬಿಡುತ್ತಿದ್ದಳು. ಯಾಕೆ ಹೋಗುತ್ತಾಳೆ ಎಂದು ಅವನು ಆಗ ಯೋಚಿಸಿರಲಿಲ್ಲ. ಈಗ ತಾನು ಯಾವ ಮರದ ಬುಡದಲ್ಲಿ ನಿಲ್ಲಬೇಕೆಂದು ಯೋಚಿಸುತ್ತಿದ್ದ. ಕೊನೆಗೆ ಆ ದಿನ ಅಣ್ಣಿಗೇರಿಗೆ ಮಗಳ ಮನೆಗೆ ಹೋಗಿಬಿಡುವುದೇ ಸರಿಯೆಂದು ಗಟ್ಟಿಮಾಡಿಕೊಂಡ.

ಓದಿನ ಹಿಂದಿನ ದಿನ ರಹೀಮಾಬಿ ಬೆಳಿಗ್ಗೆ ನೀರಿಗೆ ಹೋದವಳು ತುಂಬಿದ ಕೊಡವನ್ನು ಚಾವಡಿಯ ಕಟ್ಟೆಯ ಮೇಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಓಡಿಬಂದಳು.

"ಏಳ್ರಿ, ಮಲ್ಲಕ್ಕ ಕೊಪ್ಪರಿಗಿ ಹೊರಗ ಇಟ್ಟಾಳ. ನಾ ನೋಡಿ ಬಂದೆ. ಒಳಗೂ ಕೆಂಪಗೈತಿ."

ಜಹೀರುದ್ದೀನ ಎದ್ದು ಕುಳಿತ. "ಒಳಗೂ?"

"ಒಳಗೂ. ಹುಣಸಿಹಣ್ಣ, ಮರಳ, ಇಟ್ಟಂಗಿ ಪುಡಿ ಹಾಕಿ ನಾಕ ಮಂದಿ ಹೆಂಗಸರು ಮೂರ ದಿನ ತಿಕ್ಯಾರಂತ. ಬಂಗಾರ ಆಗೇತಿ ನೋಡ ಅಂತ ನನಗ ತೋರಸ್ತಾಳ."

ಒಂದು ವರ್ಷ ಅಡಿಗೆಯಾಗಿ ಕಲಾಯಿ ಮೊದಲೇ ಸವೆದಿತ್ತು. ಅಲ್ಲೊಂದು ಇಲ್ಲೊಂದು ಉಳಿದ ಪೊರೆಯನ್ನು ಕೊಳೆಯೆಂದುಕೊಂಡು, ಸ್ಟೀಲು ಬಂದ ಮೇಲೆ ಕಿಲುಬನ್ನೇ ಮರೆತಿದ್ದ ಆ ಹೆಂಗಸರು ತಿಕ್ಕಿ ತೆಗೆದಿದ್ದರು. ಈ ಏಳು ವರ್ಷ ಓದಿಗೆ ಮೊದಲು ಪಾತ್ರೆಗಳನ್ನು ಜಹೀರುದ್ದೀನನೇ ನೋಡಿಕೊಳ್ಳುತ್ತಿದ್ದ. ಅವನನ್ನು ಬಿಟ್ಟ ಮೇಲೆ, ಪಾತ್ರೆ ಚೊಕ್ಕಟ ಇರಲೆಂದು ಅವರು ಇಷ್ಟೊಂದು ದುಡಿದಿದ್ದರು. ಓದಿನ ದಿನ ಬಂದವರಿಗೆಲ್ಲ ಮಜ್ಜಿಗೆ ಕೊಡುವುದು ವಾಡಿಕೆ. ಹಿಂದಿನ ಸಂಜೆಯೇ ಮನೆಮನೆಯಿಂದ ಮಜ್ಜಿಗೆ ತಂದು ಅದೇ ಕೊಪ್ಪರಿಗೆಗೆ ಸುರಿದು, ಉಪ್ಪು, ಶುಂಠಿ, ಕೊತಂಬರಿ ಹಾಕಿ ಮುಚ್ಚಿಡುತ್ತಿದ್ದರು.

ರಾತ್ರಿಯೆಲ್ಲ ಹುಳಿ ಮಜ್ಜಿಗೆ ಬರಿಯ ತಾಮ್ರದಲ್ಲಿ! ಬೆಳಿಗ್ಗೆ ಮೊದಲು ಕುಡಿಯುವವರು ಹುಡುಗರೇ.

"ನೀ ಹೇಳಲಿಲ್ಲೇನು ಆಕಿಗೆ?"

"ಹೇಳಿದೆ. ಕೇಳಲಿಲ್ಲ. 'ಮೂರ ದಿನದ ಮ್ಯಾಲೆ ಹೆಸರ ಇಡಾಕ ಬಂದಿ, ನಿನ್ನ ಗಂಡಗ ಕೆಲಸ ತಪ್ಪೇತಿ ಅಂತ ಹೊಟ್ಟಿ ಉರಿ' ಅಂದ್ಲು."

ಜಹೀರುದ್ದೀನ ಕೋಲಿಗೆ ಕೈ ಚಾಚಿದವನು ತಡೆದ. ತಾನು ಹೋದರೂ ಮಂದಿ ಅದನ್ನೇ ಅಂದಾರು. ಜೋಳ ಮುಟ್ಟಿದ ಮೇಲೂ ಹೆಸರಿನ ಆಸೆ ಬಿಟ್ಟಿಲ್ಲ ಎಂದಾರು. ಆಮೇಲೆ ಗೂಡಿನಿಂದ ತವರದ ಕಡ್ಡಿ ತೆಗೆದುಕೊಂಡು, "ತಿದಿ ತಗೋ" ಎಂದ.

ಚಾವಡಿಯ ಮುಂದೆ ಕೊಪ್ಪರಿಗೆ ನಿಜಕ್ಕೂ ಬಂಗಾರದ ಹಾಗೆ ಹೊಳೆಯುತ್ತಿತ್ತು. ಈರಪ್ಪ, ಮಲ್ಲಕ್ಕ ಇಬ್ಬರೂ ಅಲ್ಲಿಯೇ ಇದ್ದರು. ಮಾಸ್ತರರು ಕಟ್ಟೆಯ ಮೇಲೆ ಕುಳಿತಿದ್ದರು. ಕೋಲು, ತಿದಿ, ಇದ್ದಿಲ ಬುಟ್ಟಿ ಹಿಡಿದು ಬಂದ ಗಂಡಹೆಂಡಿರನ್ನು ಕಂಡು ಈರಪ್ಪನ ಮುಖ ಸಣ್ಣದಾಯಿತು.

"ಕಾಕಾ, ನಿಮಗ ತ್ರಾಸ ಆಗಬಾರದಂತನ ನಾವು..."

"ತ್ರಾಸಿನ ಮಾತ ಆಮ್ಯಾಲೆ ಆಡೂಣು ತಮ್ಮಾ. ಈ ಕೊಪ್ಪರಿಗ್ಯಾಗ ಇವತ್ತ ಮಜ್ಜಗಿ ಬಿದ್ರ ನಾಳೆ ಊರಾನ ಹುಡುಗುರು ವಾಂತಿ ಮಾಡ್ಕೋತಾವು."

"ಮೂರ ದಿನ ತಿಕ್ಕೀವಿ ಜಹೀರಣ್ಣಾ!" ಮಲ್ಲಕ್ಕನ ದನಿ ಏರಿತು. "ಉಗುರ ಸವದಾವು ನೋಡಿಲ್ಲಿ. ಕಣ್ಣ ಕುಕ್ಕೂವಂಗ ಆಗೇತಿ, ನಿನಗ ಕಾಣೂದಿಲ್ಲೇನು?"

"ಕಾಣತೈತಿ ತಂಗಿ. ಅದಕ್ಕನ ಬಂದೆ. ಒಂದ ಚಂಬ ಹುಳಿ ಮಜ್ಜಗಿ ತರಿಸು. ಇದರ ತಳದಾಗ ಹಾಕಿ, ಮಧ್ಯಾನದ ತನಕ ಬಿಸಲಾಗ ಇಡು. ನಾ ಹೇಳಿದ್ದ ಸುಳ್ಳಾದ್ರ ಆ ತವರ ಹಳ್ಳಕ್ಕ ಒಗದು ಮನಿಗೆ ಹೋಗತೀನಿ."

ಮಾಸ್ತರರು ತರಿಸು ಎಂದರು. ಮಜ್ಜಿಗೆ ಬಂತು. ಮಂದಿ ಒಬ್ಬೊಬ್ಬರೇ ಕೂಡಿದರು. ಜಹೀರುದ್ದೀನ ಕಟ್ಟೆಯ ಕೆಳಗೆ ನೆರಳಿನಲ್ಲಿ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದ. ರಹೀಮಾಬಿ ಮಲ್ಲಕ್ಕನ ಕಡೆ ಬೆನ್ನು ಮಾಡಿ ಕುಳಿತಿದ್ದಳು. ಸೂರ್ಯ ನೆತ್ತಿಗೆ ಬಂದ ಮೇಲೆ ಈರಪ್ಪ ಕೊಪ್ಪರಿಗೆಯನ್ನು ಬಗ್ಗಿಸಿದ. ಮಜ್ಜಿಗೆಯ ಅಂಚಿನುದ್ದಕ್ಕೂ ನೀಲಿ ಹಸಿರಿನ ಗೆರೆ ಎದ್ದಿತ್ತು.

ಮಲ್ಲಕ್ಕ ಸೆರಗು ಬಾಯಿಗೆ ಹಿಡಿದಳು. "ಶಿವಶಿವಾ, ನನ್ನ ಕೈಯಾರ..." ಎಂದವಳು ಅಲ್ಲಿಯೇ ಕುಸಿದು ಕುಳಿತು ಅಳತೊಡಗಿದಳು.

"ಅಳಬ್ಯಾಡ ತಂಗಿ, ಅದನ್ನ ತೊಳದ ಕೊಡು" ಎಂದ ಜಹೀರುದ್ದೀನ. ತೊಳೆದು ತಂದ ಕೊಪ್ಪರಿಗೆಯನ್ನು ಬಗ್ಗಿ ನೋಡಿ, ಒಳಮೈ ಮೇಲೆ ಅಂಗೈ ಆಡಿಸಿದ. ಒಂದು ಕಲೆಯಿಲ್ಲ, ಜಿಡ್ಡಿಲ್ಲ. ಸುತ್ತ ಇನ್ನೊಂದು ಸಲ ಆಡಿಸಿದ. ಅವನ ಮುಖ ನಿಧಾನವಾಗಿ ಅರಳಿತು.

"ಮಲ್ಲಕ್ಕಾ, ನಾ ಕುಣದ ಉಜ್ಜಿದ್ರೂ ಇಷ್ಟ ಚೊಕ್ಕ ಆಗತಿರಲಿಲ್ಲ. ನನ್ನ ಮೊಣಕಾಲ ಮಾಡಲಾರದ್ದ ಕೆಲಸ ಇದೊಂದ ಇತ್ತು. ನೀ ಮೂರ ದಿನದಾಗ ಅದನ್ನ ಮಾಡಿಟ್ಟೀ. ಇನ್ನ ಮ್ಯಾಲಿಂದ ನಾ ಕುಂತ ಮಾಡತೀನಿ."

ಮಲ್ಲಕ್ಕ ಅಳುವುದನ್ನು ಬಿಟ್ಟು ಅವನ ಮುಖ ನೋಡಿದಳು. "ಖರೇನ?"

"ಹೌದ ಬೇ. ಇನ್ನ ಹಂಡೇವೂ ಹಿಂಗ ತಿಕ್ಕೀಯೇನು?"

"ಎಲ್ಲಾವನ್ನೂ ತಿಕ್ಕೀನಿ, ಸುಡುಗಾಡ" ಎಂದು ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ರಹೀಮಾಬಿ ಇತ್ತ ತಿರುಗಿ ಕುಳಿತಳು.

ಕುಣಿ ತೋಡಿ ಬೆಂಕಿ ಹೂಡಿದರು. ಅಷ್ಟು ದೊಡ್ಡ ಕೊಪ್ಪರಿಗೆ ಕಾಯಿಸಲು ರಹೀಮಾಬಿಯೊಬ್ಬಳ ತೋಳು ಸಾಲಲಿಲ್ಲ. ಈರಪ್ಪ ಅಂಗಿಯ ತೋಳು ಮಡಿಚಿ ತಿದಿಗೆ ಕುಳಿತ. ಹತ್ತು ಸಲ ಒತ್ತುವಷ್ಟರಲ್ಲಿ ಬೂದಿಯೆಲ್ಲ ಅವನ ಮೀಸೆಗೆ ಹಾರಿತು.

"ಅಂಗಡ್ಯಾಗ ತಕ್ಕಡಿ ಹಿಡದಂಗಲ್ಲ ಅದು" ಎಂದಳು ರಹೀಮಾಬಿ. "ಒಂದ ಸಮ ಒತ್ತರಿ. ಸ್ಟೀಲ ಮಾರಿ ಮಾರಿ ತೋಳ ಬಿದ್ದ ಹೋಗ್ಯಾವು ನೋಡ."

ಮಂದಿ ಗೊಳ್ಳೆಂದು ನಕ್ಕರು. ಈರಪ್ಪನೂ ಕೆಮ್ಮುತ್ತ ನಕ್ಕ.

ನಾಲ್ವರು ಗಟ್ಟಿಗರು ಇಕ್ಕಳ ಹಿಡಿದು, ಜಹೀರುದ್ದೀನ ಹೇಳಿದ ಹಾಗೆ ಕೊಪ್ಪರಿಗೆಯನ್ನು ತಿರುವಿ ಹಿಡಿದರು. ಅವನು ಮಣೆಯ ಮೇಲೆ ಕಾಲು ಚಾಚಿ ಕುಳಿತು ನವಸಾಗರ ಎರಚಿದ. ಬಿಳಿ ಹೊಗೆ ಎದ್ದಿತು. ಅರಿವೆ ಬಿಚ್ಚಿದ ತವರದ ಕಡ್ಡಿ ತಾಮ್ರಕ್ಕೆ ತಾಗಿದ್ದೇ ತಡ, ಅರಳೆ ಸರ್ರನೆ ಓಡಿತು. ಕೆಂಪಿನ ಮೇಲೆ ಬೆಳ್ಳಿ ಹರಿಯಿತು. ಏಳು ವರ್ಷ ಮಂದಿ ಓದಿನಲ್ಲಿ 'ಕಲಾಯಿ' ಎಂಬ ಮಾತು ಕೇಳಿದ್ದರು. ಅದು ಏನೆಂದು ಅವರೆಲ್ಲ ಒಟ್ಟಿಗೆ ನಿಂತು ನೋಡಿದ್ದು ಅವತ್ತೇ.

ಸಂಜೆ ಮಜ್ಜಿಗೆ ಬೀಳುವ ಹೊತ್ತಿಗೆ ಕೊಪ್ಪರಿಗೆ ಆರಿ ತಣ್ಣಗಾಗಿತ್ತು. ಮನೆಗೆ ಹೊರಟ ಜಹೀರುದ್ದೀನನ ಹಿಂದೆ ಈರಪ್ಪ ನಾಲ್ಕು ಹೆಜ್ಜೆ ಬಂದ.

"ಕಾಕಾ, ನಂದ ತಪ್ಪಾತು. ನಾಳೆ ನಿಮ್ಮ ಹೆಸರ ಓದಸ್ತೀನಿ. ಆ ಜೋಳದ ಸುದ್ದಿ ನಮ್ಮ ನಮ್ಮಾಗ ಇರಲಿ. ನೀವು ತಗೊಂಡೇ ಇಲ್ಲ ಅಂತ ತಿಳಕೋಳ್ರಿ."

ಜಹೀರುದ್ದೀನ ನಿಂತ. ಬೇಕಾದದ್ದು ಕೈಗೆ ಬಂದಿತ್ತು. ಹೂಂ ಎಂದರೆ ಸಾಕಾಗಿತ್ತು. ಆದರೆ ಬೇವಿನ ಮರದ ಬುಡದಲ್ಲಿ ನಿಲ್ಲುವ ರೇಣುಕವ್ವ ಕಣ್ಣ ಮುಂದೆ ಬಂದಳು.

"ತಗೊಂಡೀನಲ್ಲೋ ತಮ್ಮಾ. ರೊಟ್ಟಿ ತಿಂದೀನಿ. ತಿಂದಿಲ್ಲ ಅಂತ ಹೆಂಗ ಅನ್ನಲಿ?" ಎಂದು ಅವನು ನಡೆದ.

ಮರುದಿನ ಚಾವಡಿಯ ಮುಂದೆ ಜಮಖಾನೆ ಹಾಸಿದರು. ಮಾಸ್ತರರಿಗೆ ಕಣ್ಣು ಸಾಲದೆ ಈರಪ್ಪ ಹೆಸರುಗಳನ್ನು ಓದಿದ. ಒಬ್ಬೊಬ್ಬರೇ ಬೊಗಸೆ ತುಂಬಿ ತಂದು ಸುರಿದರು. ರಾಶಿ ಏರುತ್ತ ಹೋಯಿತು.

"ಜಹೀರುದ್ದೀನ ಕಲಾಯಿಗಾರ, ಇವರಿಂದ ನಿಧಿಯ ಎಲ್ಲ ಪಾತ್ರೆಗಳಿಗೆ ಕಲಾಯಿ."

ಅವನು ಕೋಲು ಊರಿಕೊಂಡು ಎದ್ದ. ರಹೀಮಾಬಿ ಹೆಗಲಿಗೆ ಹಾಕಿಕೊಟ್ಟ ಸಣ್ಣ ಚೀಲದಿಂದ ಜೋಳವನ್ನು ಬೊಗಸೆಗೆ ತೆಗೆದುಕೊಂಡ. ಸುರಿಯದೆ ಹಾಗೆಯೇ ಹಿಡಿದು ನಿಂತ. ಅಷ್ಟು ಮಂದಿಯ ಮುಂದೆ ಅವನು ಎಂದೂ ಮಾತಾಡಿದವನಲ್ಲ.

"ಮಾಸ್ತರ್ರ, ಒಂದ ಮಾತ ಹೇಳತೀನ್ರಿ. ಈ ವರ್ಷ ನಾನೂ ನಿಧಿಯಿಂದ ಜೋಳ ತಗೊಂಡೀನಿ. ಈ ಬೊಗಸಿ ಅದರಾಗಿಂದನ ತಂದೀನಿ. ತಗೊಂಡವರು ಕೊಡಬಾರದಂತ ನಿಮ್ಮ ಕಟ್ಟಳಿ. ನಮಗ ನಾಚಿಕಿ ಆಗಬಾರದಂತ ಮಾಡೀರಿ, ಅದು ಗೊತ್ತೈತ್ರಿ. ಖರೇ, ತಗೊಂಡದ್ದಕ್ಕ ಅಷ್ಟ ನಾಚಿಕಿ ಬರಲಿಲ್ರಿ. ಕೊಡಬ್ಯಾಡ ಅಂದದ್ದಕ್ಕ ಬಂತು."

ಮಾಸ್ತರರು ಕಟ್ಟೆಯ ಮೇಲೆ ಕುಳಿತಲ್ಲಿಂದ ಅವನು ನಿಂತಿದ್ದ ಕಡೆಗೆ ಮುಖ ಮಾಡಿದರು. ಅವರಿಗೆ ಅವನ ಆಕಾರವಷ್ಟೇ ಕಂಡೀತು.

"ಏಳ ವರ್ಷ ನನಗ ಇದು ತಿಳೀಲಿಲ್ಲಲ್ಲೋ ಜಹೀರುದ್ದೀನ" ಎಂದರು. "ಸುರಿ, ಸುರಿ. ಬೊಗಸಿ ಹಿಡದ ಕೈ ಸೋತೀತು."

ಅವನು ಸುರಿದ. ಈ ಸಲ ಒಂದು ಕಾಳೂ ಆಚೆ ಬೀಳಲಿಲ್ಲ.

ಓದು ಮುಗಿಯುತ್ತ ಬಂದಾಗ ಮಂದಿಯ ಹಿಂಬದಿಯಲ್ಲಿ ಸಣ್ಣ ಗದ್ದಲವಾಯಿತು. ರೇಣುಕವ್ವ ಬರುತ್ತಿದ್ದಳು. ಬೇವಿನ ಮರದ ಬುಡದಲ್ಲಿ ನಿಂತಿದ್ದವಳು ಯಾವಾಗ ಮನೆಗೆ ಹೋಗಿ ಬಂದಳೋ, ಸೆರಗಿನ ತುದಿಯಲ್ಲಿ ಜೋಳ ಗಂಟುಕಟ್ಟಿ ತಂದಿದ್ದಳು. ಜಮಖಾನೆಯ ಹತ್ತಿರ ಬಂದು, ಮುಂದೆ ಹೋಗಲೋ ಬೇಡವೋ ಎಂದು ನಿಂತಳು.

"ನನ್ನ ಹೆಸರ ಅದರಾಗ ಇಲ್ರೀ" ಎಂದಳು.

"ಏನ ಕೊಟ್ಟಿ ಹೇಳವ್ವಾ, ಓದತೀನಿ" ಎಂದ ಈರಪ್ಪ.

ಅವಳು ಯೋಚಿಸಿದಳು. "ವರ್ಷಕ್ಕ ಎರಡ ಸಲ ಈ ಖೋಲಿ ಗ್ವಾಡಿ ಸಾರಸಿ ಕೊಡತೀನ್ರಿ. ಇರೂಮಟ."

ಈರಪ್ಪ ಅದನ್ನು ಓದಿದ ಹಾಗೆಯೇ ಜೋರಾಗಿ ಕೂಗಿದ, 'ಇವರಿಂದ' ಎಂಬುದನ್ನೂ ಸೇರಿಸಿ. ರೇಣುಕವ್ವ ಗಂಟು ಬಿಚ್ಚಿ ಜೋಳ ಸುರಿದಳು. ನಾಲ್ಕು ಕಾಳು ಜಹೀರುದ್ದೀನನ ಪಾದದ ಹತ್ತಿರ ಬಂದು ಬಿದ್ದವು. ಅವನು ಮೊಣಕಾಲು ಹಿಡಿದುಕೊಂಡು ಬಗ್ಗಿ, ಅವುಗಳನ್ನು ಆರಿಸಿ ರಾಶಿಗೆ ಹಾಕಿದ.

ಆಮೇಲೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಏಪ್ರಿಲ್ ತಿಂಗಳ ಬಿಸಿಲು. ಹುಡುಗರು ಮೂರು ಮೂರು ಸಲ ಕುಡಿದರು. ಮಲ್ಲಕ್ಕ ಪ್ರತಿಯೊಬ್ಬರಿಗೂ, "ತಿಕ್ಕಿದ್ದ ನಾನು, ಕಲಾಯಿ ಅವಂದು" ಎಂದು ಹೇಳುತ್ತ ಹೇಳುತ್ತ ತುಂಬಿಕೊಡುತ್ತಿದ್ದಳು. ಕೊಪ್ಪರಿಗೆ ಬರಿದಾದ ಮೇಲೆ ಜಹೀರುದ್ದೀನ ಎಂದಿನ ಹಾಗೆ ಬಗ್ಗಿ ಒಳಗೆ ನೋಡಿದ. ತಳ ಬೆಳ್ಳಗೆ ಹೊಳೆಯುತ್ತಿತ್ತು.

ಮನೆಯಲ್ಲಿ ರಹೀಮಾಬಿ ತಾಟು ಇಟ್ಟು, ಎರಡು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಎದುರಿಗೆ ಕುಳಿತು ಗಂಡನ ಮುಖವನ್ನೇ ನೋಡಿದಳು.

"ಹೆಸರ ಕೂಗಿದ್ರು. ಇವತ್ತೂ ಊಟ ಸೇರೂದಿಲ್ಲೇನು?"

"ಯಾವ ಜೋಳದ ರೊಟ್ಟಿ ಇವು?"

"ನಿಧಿದು."

"ಇನ್ನೊಂದ ಹಾಕು" ಎಂದ ಜಹೀರುದ್ದೀನ.